ಗೋಬಿ ಮೀನಿನ ಮರಿಯೂ ಗುಲಾಬಿ ಅತ್ತೆಯ ಕಣ್ಣೂ

ಕಿವಿ ಇದ್ದವರು ಹತ್ತಿರ ಬನ್ನಿ, ನಗು ಬಂದವರು ತಡೆದುಕೊಳ್ಳಬೇಡಿ.

ಗಂಗೊಳ್ಳಿ ಬಂದರಿನ ಹಿಂದಿನ ಕೇರಿಯಲ್ಲಿ ಮೂಕಾಂಬು ಅಂತ ಒಬ್ಬಳಿದ್ದಳು. ಅವಳಿಗೆ ಬಚ್ಚ ಅಂತ ಒಬ್ಬ ಮಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ ಮಾತು ಕೇಳದ ಮಗ ಅಂತ ಅತ್ತವರನ್ನು ನೀವು ನೋಡಿದ್ದೀರಿ. ಮೂಕಾಂಬು ಅತ್ತದ್ದು ಹೇಳಿದ ಮಾತು ಹೇಳಿದ ಹಾಗೇ ಕೇಳುವ ಮಗನಿಂದಾಗಿ.

ಮೂಕಾಂಬು ಮೀನಿನ ಬುಟ್ಟಿ ಹೊತ್ತು ಬದುಕು ಕಟ್ಟಿದವಳು. ಬಸ್ಸಿನ ಬೋರ್ಡು ನೋಡಿ ನೋಡಿ ತಾನೇ ಅಕ್ಷರ ಕಲಿತವಳು. ಅವಳಿಗೊಂದು ಹುಚ್ಚು ಹಿಡಿಯಿತು. ಸಮುದ್ರದ ಮೀನನ್ನು ಮನೆಯಲ್ಲೇ ಮರಿ ಮಾಡಿಸಬೇಕು! ಪಡಸಾಲೆಯಲ್ಲಿ ಗಾಜಿನ ತೊಟ್ಟಿ ಇಟ್ಟಳು. ಕಡಲ ನೀರು ತುಂಬಿದಳು. ಬೆರಳುದ್ದದ ಒಂದು ಜೋಡಿ ಮೀನು ಬಿಟ್ಟಳು. ಅವು ಸುಮ್ಮನೆ ಈಜುವ ಮೀನಲ್ಲ. ಜಗಲಿ ಮೇಲೆ ಕೂತ ಅಜ್ಜನ ಹಾಗೆ ಕಲ್ಲಿನ ಮೇಲೆ ಕೂತು, ಕಣ್ಣು ತಿರುಗಿಸಿ ತಿರುಗಿಸಿ ಹೋಗಿ ಬರುವವರನ್ನೆಲ್ಲ ನೋಡುವ ಮೀನು. ಹೆಸರು ಗೋಬಿ ಅಂತ ಅವಳು ಪುಸ್ತಕದಲ್ಲಿ ಓದಿದ್ದಳು. ಕೇರಿಯವರಿಗೆ ಗೊತ್ತಿದ್ದ ಗೋಬಿ ಬೇರೆ. "ಮೂಕಾಂಬು ಮನೆಯಲ್ಲಿ ಗೋಬಿ ಮಾಡ್ತಾಳಂತೆ!" ಅಂತ ಪ್ಲೇಟು ಹಿಡಿದು ಬಂದವರೂ ಉಂಟು.

ಮೊದಲೆಲ್ಲ ಗೋಬಿ ಮೊಟ್ಟೆ ಇಟ್ಟವು, ಮೊಟ್ಟೆ ಒಡೆದವು. ಮರಿಗಳು ಧೂಳಿನಷ್ಟು ಸಣ್ಣ. ತೊಟ್ಟಿಯ ನೀರು ಸೋಸುವ ಫಿಲ್ಟರು ಅವನ್ನು ನೀರಿನ ಜೊತೆಗೇ ಎಳೆದುಕೊಂಡುಬಿಟ್ಟಿತು. ಫಿಲ್ಟರು ನಿಲ್ಲಿಸಿದರೆ ನೀರು ಕೆಡುತ್ತದೆ, ನಡೆಸಿದರೆ ಮರಿ ಹೋಗುತ್ತದೆ. ಹೀಗೇ ಆಗಿ ಆಗಿ ಹೆಣ್ಣು ಗೋಬಿ ಮುದಿಯಾಗಿ ಸತ್ತೇ ಹೋಯಿತು.

ಗಂಡನ ಅಕ್ಕ ಗುಲಾಬಿ ಬಂದು ತೊಟ್ಟಿಯ ಗಾಜು ತಟ್ಟಿ ನೋಡಿದಳು. "ಕಡಲಲ್ಲಿ ಹುಟ್ಟುವುದು ಪಡಸಾಲೆಯಲ್ಲಿ ಹುಟ್ಟುತ್ತದಾ ಮೂಕಾಂಬು? ತೊಟ್ಟಿ ನನಗೆ ಕೊಡು ಮಾರಾಯ್ತಿ, ಅಕ್ಕಿ ತುಂಬಿಡ್ತೇನೆ. ನಮ್ಮಲ್ಲಿ ಇಲಿ ಕಾಟ."

ಮೂಕಾಂಬುವಿನ ಮೂಗು ಕೆಂಪಾಯಿತು. "ಹೊಸ ಹೆಣ್ಣು ಮೀನು ತರ್ತೇನೆ ಅತ್ತಿಗೆ. ಇದೊಂದು ಸಲ. ಒಂದೇ ಒಂದು ಮರಿ ಅಪ್ಪನ ಹಾಗೆ ಕಲ್ಲಿನ ಮೇಲೆ ಕೂತರೆ ನನ್ನ ಮಾತು ಗೆದ್ದಿತು. ಕೂರದಿದ್ದರೆ ತೊಟ್ಟಿ ನಿಮ್ಮದು!"

ಆಡಿಬಿಟ್ಟಳು. ಆಡಿದ ಮೇಲೆ ಮೂಕಾಂಬು ಹಿಂದೆ ಸರಿಯುವವಳಲ್ಲ.

ಮರುದಿನ ಬುಟ್ಟಿ ಹೊತ್ತು ಹೊರಡುವಾಗ ಮಗನಿಗೆ ಹೇಳಿದಳು. "ಮಗಾ, ಬಿಸಿಲಿಗೆ ತೊಟ್ಟಿಯ ನೀರು ಇಳಿದಿದೆ. ಉಪ್ಪು ಜಾಸ್ತಿಯಾಗ್ತದೆ. ಸ್ವಲ್ಪ ಸಿಹಿನೀರು ಹಾಕು."

"ಹೂಂ," ಅಂದ ಬಚ್ಚ.

ಮೂಕಾಂಬು ಅರ್ಧ ದಾರಿಗೆ ಹೋದವಳು ತಕ್ಕಡಿ ಮರೆತೆ ಅಂತ ವಾಪಸು ಬಂದಳು. ನೋಡಿದರೆ ಬಚ್ಚ ಬಿಂದಿಗೆ ಮುಂದೆ ಇಟ್ಟುಕೊಂಡು ಬೆಲ್ಲ ಕದಡುತ್ತಿದ್ದಾನೆ!

"ಎಂತದೋ ಅದು?"

"ಸಿಹಿನೀರು ಅಮ್ಮ! ನಮ್ಮ ಬಾವಿ ನೀರು ಸಪ್ಪೆ. ಸಿಹಿ ಇರಲೇ ಇಲ್ಲ. ಅದಕ್ಕೇ ಬೆಲ್ಲ ಹಾಕಿದೆ. ಏಲಕ್ಕಿ ಬೇಕಾ?"

"ಅಯ್ಯೋ ಮಂಡೆ ಇಲ್ಲದವನೇ! ಬಾವಿ ನೀರಿಗೇ ಸಿಹಿನೀರು ಅಂತಾರೆ ಕಣೋ! ಮೀನಿಗೆ ಪಾನಕ ಕುಡಿಸ್ತೀಯಾ? ಇನ್ನು ಮೇಲೆ ತೊಟ್ಟಿಗೆ ಎಂತ ಹಾಕುವುದಾದರೂ ಮೊದಲು ನಿನ್ನ ಬಾಯಿಗೆ ಹಾಕಿ ರುಚಿ ನೋಡು. ಸಿಹಿ ಇದ್ದರೆ ಹಾಕಬೇಡ!"

"ನೀನು ಹೇಳಿದ ಹಾಗೇ ಮಾಡ್ತೇನೆ ಅಮ್ಮ," ಅಂದ ಬಚ್ಚ. ಮರೆಯುವ ಜಾತಿಯೇ ಅಲ್ಲ.

ಕೆಲವು ದಿನ ಕಳೆದು ಹೊಸ ಹೆಣ್ಣು ಗೋಬಿ ಬಂತು. ಉಡುಪಿಯಿಂದ ಪ್ಲಾಸ್ಟಿಕ್ ಚೀಲದಲ್ಲಿ, ಮೂಕಾಂಬುವಿನ ಮಡಿಲಲ್ಲಿ ಕೂತು ಬಸ್ಸಿನಲ್ಲೇ ಬಂತು. ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ನೀರಿಗೆ ನೀರು ಒಗ್ಗಿದ ಮೇಲೆ ಅವಳೆಂದಳು. "ಮಗಾ, ನನ್ನ ಕೈಗೆ ಮಸಾಲೆ ಮೆತ್ತಿದೆ. ಆ ಮೀನನ್ನು ತೊಟ್ಟಿಗೆ ಹಾಕು."

"ಹೂಂ," ಅಂದ ಬಚ್ಚ.

ತಿರುಗಿ ನೋಡಿದರೆ ಮಗನ ತುಟಿಯ ಹೊರಗೆ ಬಾಲ! ಬಾಲ ಪಟಪಟ ಅನ್ನುತ್ತಿದೆ!

"ಉಗಿಯೋ! ಉಗಿಯೋ!"

ಬಚ್ಚ ತೊಟ್ಟಿಗೆ ಬಗ್ಗಿ ಉಗಿದ. ಹೆಣ್ಣು ಗೋಬಿ ಒಂದು ಗಳಿಗೆ ಹಾಗೇ ಕೂತು, ಎಲ್ಲಿಗೆ ಬಂದೆ ಅಂತ ಕಣ್ಣು ತಿರುಗಿಸಿ, ಸರ್ರನೆ ಕಲ್ಲಿನ ಸಂದಿಗೆ ನುಗ್ಗಿತು. ಗಂಡು ಗೋಬಿ ಇಣುಕಿ ನೋಡಿತು.

"ಸಿಹಿ ಇಲ್ಲ ಅಮ್ಮ, ಉಪ್ಪು ಸರಿಯಾಗಿದೆ! ನೀನು ಹೇಳಿದ ಹಾಗೇ ಮಾಡಿದೆ!"

"ನನ್ನ ಹಣೆಬರಹವೇ! ಇನ್ನು ಮೇಲೆ ಯಾವ ಮೀನನ್ನೂ ಮುಟ್ಟಬೇಡ. ಮೀನು ಕಂಡರೆ ದೂರ ನಿಂತು ಕೈ ಮುಗಿ, ಸಾಕು!"

"ಹೂಂ," ಅಂದ ಬಚ್ಚ.

ಮಾರನೆಯ ಬೆಳಿಗ್ಗೆ ಮೂಕಾಂಬು ಬಂಗುಡೆ ತುಂಬಿದ ಬುಟ್ಟಿ ತಂದು ಅಂಗಳದಲ್ಲಿಟ್ಟು, "ಸ್ವಲ್ಪ ನೋಡ್ಕೋ, ನೀರು ಕುಡಿದು ಬರ್ತೇನೆ" ಅಂತ ಒಳಗೆ ಹೋದಳು. ಹೊರಗೆ ಬಂದರೆ ಅಂಗಳ ತುಂಬ ಕಾಗೆ! ತೆಂಗಿನ ಮರದಲ್ಲಿ ಕಾಗೆ, ಬುಟ್ಟಿಯ ಅಂಚಿನಲ್ಲಿ ಕಾಗೆ, ಕಾಗೆಯ ಬಾಯಲ್ಲಿ ಬಂಗುಡೆ. ಬಚ್ಚ ಬೇಲಿಯ ಹತ್ತಿರ ಭಕ್ತಿಯಿಂದ ಕೈ ಮುಗಿದು ನಿಂತಿದ್ದಾನೆ.

"ಓಡಿಸಬಾರದಾ?"

"ಮುಟ್ಟಬೇಡ ಅಂದೆಯಲ್ಲ ಅಮ್ಮ! ನೋಡ್ಕೋ ಅಂದೆ, ನೋಡಿದೆ. ಆ ಕುಂಟು ಕಾಗೆ ದೊಡ್ಡದು ತಗೊಂಡು ಹೋಯ್ತು."

"ಬಾಯಿ ಮುಚ್ಚು! ಇನ್ನು ಮೇಲೆ ಮೀನಿನ ಹತ್ತಿರ ಯಾರು ಸುಳಿದರೂ ಕೋಲು ತಗೊಂಡು ಓಡಿಸು. ಯಾರೇ ಆಗಲಿ!"

"ಯಾರೇ ಆಗಲಿ," ಅಂತ ಬಚ್ಚ ಬಾಯಿಪಾಠ ಮಾಡಿಕೊಂಡ.

ಅಷ್ಟರಲ್ಲಿ ತೊಟ್ಟಿಯೊಳಗೆ ಗೋಬಿ ಜೋಡಿ ಸಂಸಾರ ಹೂಡಿತ್ತು. ಒಡೆದ ಮಡಕೆಯ ಚೂರೊಂದು ಅಲ್ಲಿ ಬೋರಲು ಬಿದ್ದಿತ್ತು. ಅದರ ಒಳಮೈಗೆ ಹೆಣ್ಣು ಗೋಬಿ ಸಾಲು ಸಾಲಾಗಿ ಮೊಟ್ಟೆ ಅಂಟಿಸಿತು. ಅಂಟಿಸಿ ತನ್ನ ಪಾಡಿಗೆ ತಾನು ಹೋಯಿತು. ಒಳಗೆ ಕೂತದ್ದು ಗಂಡು! ರೆಕ್ಕೆ ಬೀಸಿ ಮೊಟ್ಟೆಗೆ ನೀರು ಆಡಿಸುವುದೇನು, ಕೆಟ್ಟ ಮೊಟ್ಟೆ ಹೆಕ್ಕಿ ತೆಗೆಯುವುದೇನು! ಮೂಕಾಂಬು ಗಾಜಿಗೆ ಮೂಗು ಒತ್ತಿ ನೋಡಿದಳು, ನೋಡಿದಷ್ಟೂ ಸಾಲದು. ಒಲೆಯ ಮೇಲೆ ಅನ್ನ ಸೀದುಹೋಯಿತು. ಗಂಡಸು ಇಷ್ಟು ಹೊತ್ತು ಮಗು ನೋಡಿಕೊಂಡದ್ದನ್ನು ಅವಳು ಆ ಕೇರಿಯಲ್ಲಿ ಕಂಡವಳಲ್ಲ.

ಒಂದು ಮಧ್ಯಾಹ್ನ ಮನೆಗೆ ಬಂದರೆ ಬಚ್ಚ ಸ್ಟೂಲಿನ ಮೇಲೆ ನಿಂತು, ಗುಡಿಸುವ ಹಿಡಿಕಡ್ಡಿಯನ್ನು ತೊಟ್ಟಿಗೆ ಇಳಿಸಿ "ಹುಶ್! ಹುಶ್!" ಅನ್ನುತ್ತಿದ್ದಾನೆ. ಗಂಡು ಗೋಬಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡುತ್ತಿದೆ.

"ಯಾರನ್ನೋ ಓಡಿಸ್ತಿ?"

"ಇವನನ್ನೇ ಅಮ್ಮ! ಬೆಳಿಗ್ಗೆಯಿಂದ ಮೊಟ್ಟೆಯ ಹತ್ತಿರವೇ ಸುಳೀತಾನೆ. ಓಡಿಸಿದರೆ ಮತ್ತೆ ಬರ್ತಾನೆ. ಮಾನ ಇಲ್ಲದವನು!"

"ಅವನು ಅಪ್ಪ ಕಣೋ, ಅಪ್ಪ!"

ಬಚ್ಚ ಕಡ್ಡಿ ಮೇಲೆತ್ತಿದ. ಗಂಡು ಗೋಬಿ ನೆಟ್ಟಗೆ ಮಡಕೆ ಚೂರಿನೊಳಗೆ ಹೋಗಿ ಮತ್ತೆ ರೆಕ್ಕೆ ಬೀಸತೊಡಗಿತು. ಬಚ್ಚ ಬಾಯಿ ತೆರೆದು ನೋಡಿದ.

"ಅಮ್ಮ, ಅವನಿಗೆ ಕೈ ನೋಯುವುದಿಲ್ವಾ?"

ಮೂಕಾಂಬುವಿಗೂ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. "ತೊಟ್ಟಿಯ ಯಾವ ಕೆಲಸವೂ ನಿನಗೆ ಬೇಡ! ಒಂದೇ ಕೆಲಸ. ಕತ್ತಲಾಗುವಾಗ ತೊಟ್ಟಿಯ ದೀಪ ಆರಿಸು. ಕತ್ತಲಾದರೇ ಮೊಟ್ಟೆ ಒಡೆಯುವುದು. ದೀಪ ಆರಿಸು, ಮತ್ತೇನೂ ಮಾಡಬೇಡ!"

"ಹೂಂ," ಅಂದ ಬಚ್ಚ. ಹೂಂ ಅಂದರೆ ಹೂಂ.

ಮೊಟ್ಟೆಯೊಳಗೆ ಬೆಳ್ಳಿಯ ಹಾಗೆ ಕಣ್ಣು ಹೊಳೆಯುವ ದಿನ ಬಂತು. ಇವತ್ತೇ ಒಡೆಯುತ್ತದೆ ಅಂತ ಮೂಕಾಂಬುವಿಗೆ ತಿಳಿಯಿತು. ಸಂಜೆ ದೋಣಿ ಬಂದಿತ್ತು, ಬಂದರಿಗೆ ಹೋಗಲೇಬೇಕು. ಹೋದಳು. ಮನಸ್ಸೆಲ್ಲ ತೊಟ್ಟಿಯಲ್ಲಿ. ಕತ್ತಲಾದ ಮೇಲೆ ಓಡೋಡಿ ಬಂದರೆ ಏನು ನೋಡುವುದು? ಅಂಗಳದ ತಂತಿಯ ಮೇಲೆ ಬಚ್ಚನ ಅಂಗಿ, ಅದರ ಪಕ್ಕದಲ್ಲಿ ಅವಳ ಲಂಗ, ಅದರ ಪಕ್ಕದಲ್ಲಿ ತೊಟ್ಟಿಯ ದೀಪ! ಕ್ಲಿಪ್ಪು ಸಮೇತ! ಉದ್ದ ವಯರು ಕಿಟಕಿಯಿಂದ ಹೊರಗೆ ಬಂದಿದೆ, ಬಲ್ಬು ಜಗಜಗ ಉರಿಯುತ್ತಿದೆ.

"ಬಚ್ಚಾ!"

"ಆರಿಸಿದ್ದೇನೆ ಅಮ್ಮ! ಬೆಳಿಗ್ಗೆ ಬಟ್ಟೆ ಆರಿಸು ಅಂದೆ, ತಂತಿಗೆ ಹಾಕಿದೆ. ದೀಪ ಆರಿಸು ಅಂದೆ, ತಂತಿಗೆ ಹಾಕಿದೆ. ಬಟ್ಟೆ ಒಣಗಿದೆ. ಇದು ಒಣಗಿದೆಯೋ ಅಂತ ಮುಟ್ಟಿ ನೋಡಿದೆ, ಕೈ ಸುಟ್ಟಿತು."

ಮೂಕಾಂಬು ಬುಟ್ಟಿ ಬಿಸಾಡಿ ಒಳಗೆ ಓಡಿದಳು. ಪಡಸಾಲೆ ಕತ್ತಲು. ತೊಟ್ಟಿ ಕತ್ತಲು. ಕಿಟಕಿಯಿಂದ ಓರೆಯಾಗಿ ಬಂದ ತಂತಿಯ ದೀಪದ ಬೆಳಕು ತೊಟ್ಟಿಯ ಒಂದು ಮೂಲೆಗೆ ಮಾತ್ರ ಬಿದ್ದಿತ್ತು. ಆ ಮೂಲೆಯಲ್ಲಿ ಏನೋ ಮಿಣುಕು. ಧೂಳೇ? ಧೂಳು ಈಜುತ್ತದೆಯೇ?

ಮರಿಗಳು! ಒಂದಲ್ಲ, ಹತ್ತಲ್ಲ, ಮೂಲೆ ತುಂಬ ಮರಿಗಳು! ಎಲ್ಲವೂ ಬೆಳಕಿಗೆ ಮುಖ ಮಾಡಿ ನಿಂತಿವೆ. ಫಿಲ್ಟರು ಇರುವ ಆಚೆ ಮೂಲೆಯಲ್ಲಿ ಒಂದೂ ಇಲ್ಲ.

ಮೂಕಾಂಬು ನೆಲಕ್ಕೆ ಕೂತಳು. ಪ್ರತಿ ಸಲ ಮರಿ ಬಂತೇ ಅಂತ ನೋಡಲು ದೀಪ ಹಚ್ಚುತ್ತಿದ್ದವಳು ಅವಳೇ. ದೀಪ ಇದ್ದದ್ದು ಫಿಲ್ಟರಿನ ಬಾಯಿಯ ಮೇಲೆ! ಬೆಳಕು ಕಂಡಲ್ಲಿಗೆ ಓಡುವ ಮರಿಗಳನ್ನು ಕೈಬೀಸಿ ಕರೆದು ಅದರ ಬಾಯಿಗೆ ಹಾಕಿದ್ದು ಅವಳೇ!

"ಬೈಯುವುದಿಲ್ವಾ ಅಮ್ಮ?" ಬಚ್ಚ ಬಾಗಿಲಲ್ಲಿ ಕಾಯುತ್ತಿದ್ದ.

"ಆಮೇಲೆ ಬೈತೇನೆ. ಚೊಂಬು ತಾ!"

ಚೊಂಬಿನಲ್ಲಿ ಮೊಗೆ ಮೊಗೆದು ಮರಿಗಳನ್ನು ಕಡಲ ನೀರು ತುಂಬಿ ಕಲ್ಲಿಟ್ಟ ಟಬ್ಬಿಗೆ ಬಿಟ್ಟಳು. ಬಿಸಿಲಿಗಿಟ್ಟು ಪಾಚಿ ಬರಿಸಿದ ಹಸಿರು ನೀರನ್ನು, ಅದರಲ್ಲಿ ಸಾಕಿದ ಕಣ್ಣಿಗೆ ಕಾಣದ ಹುಳುವಿನ ಸಮೇತ, ಮರಿಗಳ ಊಟಕ್ಕೆ ದಿನವೂ ಎರೆದಳು. ಮಗನಿಗೆ "ಸುಮ್ಮನೆ ಕೂತಿರು" ಅಂದಳು. ಅವನು ಸುಮ್ಮನೆ ಕೂತ, ಟಬ್ಬಿನ ಪಕ್ಕದಲ್ಲೇ. ಊಟಕ್ಕೆ ಕರೆದರೂ ಎದ್ದು ಬರಲಿಲ್ಲ. ಎಷ್ಟೋ ಮರಿ ಸತ್ತವು. ಉಳಿದವು ಬೆಳೆದವು. ಬೆಳೆದು ಬೆಳೆದು ಒಂದು ದಿನ ಬಚ್ಚ ಕೂಗಿಕೊಂಡ. "ಅಮ್ಮ! ಒಂದು ಕೂತಿತು! ಕಲ್ಲಿನ ಮೇಲೆ! ಅಪ್ಪನ ಹಾಗೇ!"

ಮೂಕಾಂಬು ಆ ದಿನವೇ ಅತ್ತಿಗೆಗೆ ಹೇಳಿ ಕಳಿಸಿದಳು. ಗುಲಾಬಿ ಅಕ್ಕಿ ಅಳೆಯುವ ಸೇರು ಕಂಕುಳಲ್ಲಿಟ್ಟುಕೊಂಡೇ ಹೊರಟಳಂತೆ. ಮೂಕಾಂಬು ಮಗನನ್ನು ಒಳಗೆ ಎಳೆದು ಪಿಸುಗುಟ್ಟಿದಳು. "ನಿನ್ನ ಅತ್ತೆಯ ಕಣ್ಣು ಒಳ್ಳೆಯದಲ್ಲ. ಮರಿಗಳ ಮೇಲೆ ಅವಳ ಕಣ್ಣು ಬೀಳದ ಹಾಗೆ ನೋಡ್ಕೋ!"

ಬಚ್ಚ ಬೆಚ್ಚಿಬಿದ್ದ. "ಬೀಳ್ತದಾ ಅಮ್ಮ?"

"ಬಿದ್ದರೆ ಒಂದು ಮರಿಯೂ ಉಳಿಯುವುದಿಲ್ಲ!"

"ಹೂಂ," ಅಂದ ಬಚ್ಚ.

ಗುಲಾಬಿ ಬಂದಳು. "ಎಲ್ಲಿ, ತೋರಿಸು ನಿನ್ನ ಪಡಸಾಲೆ ಕಡಲು!" ಅಂತ ಟಬ್ಬಿನ ಮೇಲೆ ಬಗ್ಗಿದಳು. ಕಲ್ಲಿನ ಮೇಲೆ ಸಾಲಾಗಿ ಪುಟ್ಟ ಪುಟ್ಟ ಗೋಬಿಗಳು ಕೂತು, ಕಣ್ಣು ತಿರುಗಿಸಿ ಅವಳನ್ನೇ ನೋಡುತ್ತಿದ್ದವು. "ಅಬ್ಬ ಮೂಕಾಂಬು," ಅಂದಳು ಮೆಲ್ಲಗೆ. "ಹುಟ್ಟಿದವಲ್ಲೇ! ಗೆದ್ದೆ ಮಾರಾಯ್ತಿ." ಇನ್ನೂ ಬಗ್ಗಿದಳು. ಕಣ್ಣು ಅಗಲವಾಯಿತು.

ಅಷ್ಟು ಹೊತ್ತಿಗೆ ಅವಳ ಗಲ್ಲಕ್ಕೆ ಏನೋ ತಣ್ಣಗೆ ತಾಗಿತು. ನೋಡಿದರೆ ಚಹಾ ಸೋಸುವ ಜರಡಿ! ಬಚ್ಚ ಉಸಿರು ಬಿಗಿಹಿಡಿದು, ಎರಡೂ ಕೈಯಲ್ಲಿ ಜರಡಿ ಹಿಡಿದು, ಅತ್ತೆಯ ಮುಖ ಎತ್ತ ಹೋದರೆ ಅತ್ತ ತಾನೂ ಹೋಗುತ್ತಿದ್ದಾನೆ.

"ಎಂತದೋ ಇದು ಬಚ್ಚ?"

"ನಿನ್ನ ಕಣ್ಣು ಬಿದ್ದರೆ ಹಿಡಿಯಲಿಕ್ಕೆ ಅತ್ತೆ! ನೀನು ಹೆದರದೆ ನೋಡು. ನಾನಿದ್ದೇನೆ!"

ಗುಲಾಬಿ ಮೂಕಾಂಬುವಿನ ಕಡೆ ತಿರುಗಿದಳು. ಮೂಕಾಂಬು ಗೋಡೆಯ ಕಡೆ ತಿರುಗಿದಳು. ಬಚ್ಚ ಮಾತ್ರ ಜರಡಿಯನ್ನು ಬೆಳಕಿಗೆ ಹಿಡಿದು ನೋಡಿ, ಅತ್ತೆಯ ಮುಖ ನೋಡಿ, ಖುಷಿಯಿಂದ ಕೂಗಿದ.

"ಬಿದ್ದಿಲ್ಲ ಅಮ್ಮ! ಎರಡೂ ಅಲ್ಲೇ ಇವೆ!"