ನೀರವಂಜಿಯ ಗಡಿಗೂಟ

ಅಳಿವೆಯ ಪಕ್ಕದ ಒಂದು ಊರಿನಲ್ಲಿ ಗದ್ದೆಯ ಗಡಿಗೂಟಗಳು ನಡೆಯತೊಡಗಿದವು.

ಗದ್ದೆ ಸೋಮಿ ಎಂಬ ವಿಧವೆಯದು. ಸಮುದ್ರದ ಭರತಕ್ಕೆ ಮುಳುಗಿ ಇಳಿತಕ್ಕೆ ಎದ್ದು ಕಾಣುವ ಗಜನಿ ಗದ್ದೆ. ಅದರ ಭತ್ತವೇ ಅವಳಿಗೂ ಮಗಳಿಗೂ ವರ್ಷದ ಅನ್ನ. ನೀರು ಇಳಿದಾಗಲೆಲ್ಲ ಗೂಟದ ಸಾಲು ಮೊಳದಷ್ಟು ಅವಳ ಕಡೆಗೆ ಸರಿದು ನಿಂತಿರುತ್ತಿತ್ತು. ಕೆಸರಿನಲ್ಲಿ ಒಂದು ಹೆಜ್ಜೆ ಗುರುತೂ ಇರುತ್ತಿರಲಿಲ್ಲ.

"ಸೋಮಕ್ಕಾ, ಅದು ನೀರಿನವರ ಕೆಲಸ, ಅಳಿವೆಯ ಭೂತಗಳದ್ದು. ನೀನು ಆ ಬದಿಗೆ ಹೋಗ್ಬೇಡ," ಎಂದ ಪಕ್ಕದ ಗದ್ದೆಯ ರಾಕು.

ನೀರಿನವರೂ ಅಲ್ಲ, ನೆಲದವರೂ ಅಲ್ಲ. ಗೂಟ ಕೀಳುತ್ತಿದ್ದವನು ರಾಕುವೇ! ಭರತ ಏರುವ ಮುಂಚೆ ಗೂಟ ಸರಿಸುತ್ತಿದ್ದ, ನೀರು ಅವನ ಹೆಜ್ಜೆ ಅಳಿಸುತ್ತಿತ್ತು. ಕಿತ್ತು ಕಿತ್ತು ಹಳೆಯ ಗೂಟಗಳು ಮುರಿದವು. ಅವಸರಕ್ಕೆ ದಂಡೆಯ ನೀರವಂಜಿ ಪೊದೆಯಿಂದ ಹಸಿ ಕೊಂಬೆ ಕಡಿದು, ಹಳೆಯ ಗೂಟದಂತೆ ಕಾಣಲೆಂದು ಕೆಸರು ಬಳಿದು ಹುಗಿದ. ಉಪ್ಪುನೀರಿನಲ್ಲಿ ಕೊಂಬೆ ಬೇರು ಬಿಡುವುದುಂಟೇ ಎಂಬ ಧೈರ್ಯ. ಮಳೆ ಹಿಡಿದ ಮೇಲೆ ಗಜನಿಯ ನೀರು ಸಿಹಿಯಾಗಿದೆ ಎಂಬುದು ದುರಾಸೆಯವನಿಗೆ ನೆನಪಾಗಲೇ ಇಲ್ಲ.

ತಿಂಗಳು ಕಳೆದು ಸೋಮಿ ಊರಗೌಡರ ಮುಂದೆ ಅತ್ತಳು. ಗಡಿ ಇದೇ ಎಂದು ಆಣೆ ಮಾಡುವಂತೆ ಗೌಡರು ರಾಕುವಿಗೆ ಹೇಳಿದರು. ಗಡಿಯ ಆಣೆಗೆ ಆ ಊರಿನಲ್ಲಿ ಒಂದು ಕ್ರಮವಿತ್ತು. ಬರಿಗಾಲಲ್ಲಿ ಗೂಟದ ಬುಡದಲ್ಲಿ ನಿಂತು, ನೀರು ಮೊಣಕಾಲಿಗೆ ಏರುವ ತನಕ ಗೂಟ ಹಿಡಿದಿರಬೇಕು.

ರಾಕು ನಗುತ್ತಲೇ ಇಳಿದ. "ಇದು ನನ್ನಪ್ಪ ನೆಟ್ಟ ಗೂಟ," ಎಂದ. ನೀರು ಏರತೊಡಗಿತು. ಗೌಡರೂ ಊರವರೂ ದಂಡೆಯ ಮೇಲೆ ನಿಂತು ನೋಡುತ್ತಿದ್ದರು. ಅವನ ಪಾದ ಮೆಲ್ಲಗೆ ಕೆಸರಿಗೆ ಇಳಿಯಿತು. ಏನೋ ತಣ್ಣಗೆ, ಕೂದಲಿನ ಹಾಗೆ, ಹಿಮ್ಮಡಿಯನ್ನು ಸವರಿತು. ಬೆರಳ ಸಂದಿಗೆ ಹೊಕ್ಕಿತು. ಕಾಲೆತ್ತಲು ನೋಡಿದ, ಬರಲಿಲ್ಲ.

"ಬಿಡ್ರೋ, ನೀರಿನವರೇ! ಗೂಟ ಕಿತ್ತದ್ದು ನಾನೇ! ಸೋಮಕ್ಕನ ನೆಲ ಸೋಮಕ್ಕನಿಗೇ!"

ಗೌಡರು ಇಳಿದು ಅವನ ಕಾಲು ಬಿಡಿಸಿದರು. ಅವರ ಕೈಗೆ ಬಂದದ್ದು ನೀರವಂಜಿಯ ಕೆಂಪು ಬೇರಿನ ಗೊಂಚಲು. "ಬೇರು ಮಾರಾಯ, ಬರೀ ಬೇರು," ಎಂದರು. ರಾಕು ನಂಬಲಿಲ್ಲ.

ಗಡಿ ಮೊದಲಿನ ಜಾಗಕ್ಕೆ ಹೋಯಿತು. ಬೇರೂರಿದ ಗೂಟಗಳನ್ನು ಸೋಮಿ ಕೀಳಲಿಲ್ಲ, ಅವು ಅವಳ ಗದ್ದೆಯೊಳಗೇ ಚಿಗುರಿದವು. ರಾಕು ಮತ್ತೆಂದೂ ತನ್ನ ಗದ್ದೆಗೂ ಇಳಿಯಲಿಲ್ಲ. ಭರತ ಇಳಿದಾಗಲೆಲ್ಲ ಕಟ್ಟೆಯ ಮೇಲೆ ನಿಂತು ಕೂಗಿ ಕೇಳುತ್ತಾನೆ:

"ಸೋಮಕ್ಕಾ, ಆ ಗೂಟಗಳು ಇವತ್ತು ಎಲ್ಲಿಗೆ ಬಂದ್ವು?"

ನೀತಿ: ಇನ್ನೊಬ್ಬರ ನೆಲ ಕದಿಯಲು ಭೂತ ಹುಟ್ಟಿಸಿದವನು, ಕೊನೆಗೆ ಆ ಭೂತದ ಜೊತೆಗೇ ಬಾಳಬೇಕಾಗುತ್ತದೆ.