ಹರಿಗೋಲಿಗೆ ಎದುರು ಭಾರ

ಹೊಳೆಯ ಈ ದಡದಲ್ಲಿ ಅರಮನೆ, ಆ ದಡದಲ್ಲಿ ಸಂತೆ, ನಡುವೆ ಸೇತುವೆಯೇ ಇಲ್ಲದ ರಾಜ್ಯವೊಂದಿತ್ತು, ಮಕ್ಕಳೇ. ಅಲ್ಲಿ ಜನರನ್ನು ದಾಟಿಸುತ್ತಿದ್ದವಳು ಹುಲಿಗೆವ್ವ ಎಂಬ ಅಂಬಿಗರ ಹೆಣ್ಣು. ಅವಳ ಗಂಡನನ್ನು ಅದೇ ಹೊಳೆ ಒಯ್ದಿತ್ತು. ಮನೆಯಲ್ಲಿ ಉಳಿದವಳು ಅತ್ತೆ ಚೆನ್ನವ್ವ ಒಬ್ಬಳೇ. ಇಬ್ಬರ ಹೊಟ್ಟೆಗೂ ಒಂದೇ ಹರಿಗೋಲು.

ಬಿದಿರು ಹೆಣೆದು, ತೊಗಲು ಹೊಲಿದು ಮಾಡಿದ ದುಂಡನೆಯ ದೋಣಿಯೇ ಹರಿಗೋಲು. ಅದನ್ನು ನೀರಿಗಿಳಿಸುವ ಮುಂಚೆ ಗಂಗವ್ವನನ್ನು ನೆನೆದು ಅರಿಸಿನದ ನೀರು ಚಿಮುಕಿಸುವುದು ಅಲ್ಲಿಯ ಪದ್ಧತಿ. ಉಳಿದ ಅಂಬಿಗರು ಚಿಮುಕಿಸಿ ಹೊರಟುಬಿಡುತ್ತಿದ್ದರು. ಹುಲಿಗೆವ್ವ ಹಾಗಲ್ಲ. ಅಂಗೈಯಿಂದ ತೊಗಲಿನ ತುಂಬ ಸವರುತ್ತಿದ್ದಳು. ಒಂದೊಂದು ಹೊಲಿಗೆ ಮುಟ್ಟಿದಾಗಲೂ "ಗಂಗವ್ವಾ, ಜೊತೆಗಿರು" ಎನ್ನುತ್ತಿದ್ದಳು. ದಿನಾಲೂ ಮೂರು ಸುತ್ತು.

ಹೊಳೆಗಟ್ಟೆಯಲ್ಲಿ ಅರಸನ ಪರವಾಗಿ ಅಧಿಕಾರ ನಡೆಸುತ್ತಿದ್ದವನು ದುಂಡಪ್ಪ. ಅವನಿಗೆ ಇದನ್ನು ಕಂಡರೆ ನಗು.

"ಏನವ್ವಾ, ದೋಣಿಗೆ ಮದುವೆ ಗೊತ್ತಾಯ್ತೇನು? ಇಷ್ಟೊಂದು ಅರಿಸಿನ!"

ಒಳಗೊಳಗೇ ಅವನಿಗೊಂದು ಆಸೆ. ಆ ಹೊಳೆಯಲ್ಲಿ ಜನರನ್ನು ದಾಟಿಸುವ ಹಕ್ಕು ತನ್ನ ಭಾಮೈದನಿಗೆ ಸಿಗಬೇಕು.

ಒಂದು ಶ್ರಾವಣದಲ್ಲಿ ನೆರೆ ಬಂತು. ನಡುಗಡ್ಡೆಯಲ್ಲಿ ಕುರಿ ಮೇಯಿಸುತ್ತಿದ್ದ ಮೂವರು ಸಿಕ್ಕಿಕೊಂಡರು. ನೀರು ಏರುತ್ತಲೇ ಇತ್ತು. ಅರಸನೇ ದಡಕ್ಕೆ ಬಂದ. "ಅವರನ್ನು ಯಾರು ಕರೆತರುತ್ತೀರಿ?" ಎಂದು ಕೇಳಿದ. ಭಾಮೈದ ಸುಮ್ಮನೆ ಕೆಮ್ಮಿದ. ದುಂಡಪ್ಪ ಮುಂದೆ ಬಂದ.

"ಪ್ರಭು, ಹುಲಿಗೆವ್ವನಿಗೆ ದೇವರ ಬಲವಿದೆ. ಅವಳೇ ಹೋಗಲಿ. ಕರೆತಂದರೆ ಹೊಳೆಯ ಹಕ್ಕು ಅವಳಿಗೆ. ಇಲ್ಲವಾದರೆ ನನ್ನ ಭಾಮೈದನಿಗೆ."

ಅರಸ ಅವಸರದಲ್ಲಿದ್ದ. ಒಪ್ಪಿಬಿಟ್ಟ.

ಹುಲಿಗೆವ್ವ ಹಗ್ಗ ತರಲು ಮನೆಗೆ ಓಡಿದಳು. ಹೊಸ್ತಿಲ ಮೇಲೆಯೇ ಕುಸಿದು ಕೂತಳು.

"ಅತ್ತೆ, ಇದೇ ಹೊಳೆ ನಿಮ್ಮ ಮಗನನ್ನ ಒಯ್ತು. ಆವತ್ತು ಗಂಗವ್ವ ಎಲ್ಲಿದ್ದಳು?"

ಚೆನ್ನವ್ವ ಹಗ್ಗ ಸುತ್ತುತ್ತಿದ್ದಳು. ಸುತ್ತುತ್ತಲೇ ಹೇಳಿದಳು.

"ನಾನೂ ಕೇಳಿದೆ. ಮೂರು ವರ್ಷ ಕೇಳಿದೆ. ಉತ್ತರ ಬರಲಿಲ್ಲ ಮಗಳೇ. ಆದರೆ ದಿನಾ ಬೆಳಗ್ಗೆ ಎದ್ದು ಒಲೆ ಹಚ್ಚೋ ಶಕ್ತಿ ಬಂತು. ಅದು ನನ್ನ ಶಕ್ತಿ ಅಲ್ಲ, ಅಷ್ಟು ನನಗೆ ಗೊತ್ತು. ನೆರೆ ನಿಲ್ಲಿಸು ಅಂತ ಬೇಡಬೇಡ. ನೆರೆಯಲ್ಲಿ ಜೊತೆಗಿರು ಅನ್ನು. ಈಗ ಏಳು. ಹೊಳೆಗೆ ನೀರು ಸಾಲದು ಅಂತ ನೀನೂ ಕಣ್ಣೀರು ಸುರಿಸ್ತೀಯೇನು?"

ಅತ್ತ ದಡದಲ್ಲಿ ದುಂಡಪ್ಪ ಸುಮ್ಮನಿರಲಿಲ್ಲ. ಬೋರಲು ಹಾಕಿದ್ದ ಹರಿಗೋಲಿನ ಒಂದು ಹೊಲಿಗೆಯನ್ನು ಚೂರಿಯಿಂದ ಕೊಯ್ದು, ಮೇಲೆ ಜೇಡಿಮಣ್ಣು ಮೆತ್ತಿಬಿಟ್ಟಿದ್ದ.

ಹುಲಿಗೆವ್ವ ಬಂದಳು. ಹಿಂದೆಯೇ ಚೆನ್ನವ್ವನೂ ಬಂದಳು. "ಬೇಗ, ಬೇಗ!" ಎಂದು ಜನ ಕೂಗಿದರು. ಆದರೂ ಅವಳು ಅರಿಸಿನದ ನೀರಿಗೆ ಕೈ ಅದ್ದಿದಳು. ಮೊದಲ ಸುತ್ತಿನಲ್ಲಿ ಕೈ ನಡುಗುತ್ತಿತ್ತು. ಎರಡನೆಯ ಸುತ್ತಿಗೆ ನಡುಕ ನಿಂತಿತು. ಮೂರನೆಯ ಸುತ್ತಿನಲ್ಲಿ ಒಂದು ಹೊಲಿಗೆಯ ಮೇಲೆ ಬೆರಳು ಜಾರಿತು. ಮಣ್ಣು ಕರಗಿ ಕೈಗೆ ಬಂತು. ಅಡಿಯಲ್ಲಿ ಚೂರಿಯ ಗಾಯ.

ತಲೆಯೆತ್ತಿ ನೋಡಿದಳು. ದುಂಡಪ್ಪ ಮೋಡ ನೋಡುತ್ತಿದ್ದ.

ದೂರು ಹೇಳಿದರೆ ಅಧಿಕಾರಿಯ ಮಾತಿನ ಎದುರು ಅಂಬಿಗಿತ್ತಿಯ ಮಾತು ನಡೆದೀತೇ? ಅವಳು ಅರಸನ ಮುಂದೆ ಕೈಮುಗಿದು ನಿಂತಳು.

"ಪ್ರಭು, ಒಬ್ಬಳೇ ಕೂತರೆ ಹರಿಗೋಲು ಬುಗುರಿಯ ಹಾಗೆ ತಿರುಗುತ್ತೆ. ಎದುರು ಭಾರ ಬೇಕು. ದುಂಡಪ್ಪ ಧಣಿಗಳೇ ಕೂರಲಿ. ನನ್ನ ದೇವರ ಬಲ ಬಲ್ಲವರು ಅವರೊಬ್ಬರೇ."

"ನನಗೆ ಹೊಟ್ಟೆನೋವು" ಎಂದ ದುಂಡಪ್ಪ.

"ಕೂರೋದಷ್ಟೇ ಅಪ್ಪಾ, ಅಲ್ಲಿ ಊಟ ಬಡಿಸಲ್ಲ" ಎಂದಳು ಹಿಂದಿನಿಂದ ಚೆನ್ನವ್ವ.

"ನನಗೆ ಈಜು ಬರಲ್ಲ."

"ದೋಣಿಯಲ್ಲಿ ಹೋಗೋರು ಈಜಬೇಕಾಗಿಲ್ಲ" ಎಂದಳು ಮತ್ತೆ ಚೆನ್ನವ್ವ.

"ಹತ್ತು" ಎಂದ ಅರಸ.

"ಅಯ್ಯೋ ಬೇಡ ಪ್ರಭು! ನಡುನೀರು ಮುಟ್ಟೋದರೊಳಗೆ ಅದು ಮುಳುಗಿ ಹೋಗುತ್ತೆ!"

"ನಿನಗೆ ಹೇಗೆ ಗೊತ್ತು?"

ದುಂಡಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಹುಲಿಗೆವ್ವ ಕೊಯ್ದ ಹೊಲಿಗೆ ತೋರಿಸಿದಳು. ಅರಸನ ಕೈ ಕತ್ತಿಗೆ ಹೋಯಿತು.

"ಅದು ಆಮೇಲೆ ಪ್ರಭು. ಅಲ್ಲಿ ಮೂರು ಜೀವ ಕಾಯ್ತಿವೆ. ನನಗೆ ಎದುರು ಭಾರ ಇನ್ನೂ ಬೇಕು."

ಹೊಲಿಗೆ ಹಾಕಿದಳು, ಮೇಣ ಬಳಿದಳು, ಹರಿಗೋಲು ಇಳಿಸಿದಳು. ಭಟರು ದುಂಡಪ್ಪನನ್ನು ಎತ್ತಿ ಎದುರು ಕೂರಿಸಿದರು.

ನಡುಹೊಳೆಯಲ್ಲಿ ಅಲೆ ಒಳಗೆ ನುಗ್ಗಿತು. ದುಂಡಪ್ಪ ಕಣ್ಣು ಮುಚ್ಚಿ ಚೀರಿದ. "ಗಂಗವ್ವಾ! ಶಿವನೇ! ಹನುಮಪ್ಪಾ!"

ಹುಲಿಗೆವ್ವ ಹುಟ್ಟು ಹಾಕುತ್ತಲೇ ಹೇಳಿದಳು. "ಕರೀರಿ ಧಣಿ, ಅವರಿಗೆ ಕೇಳಿಸುತ್ತೆ. ಕರೀತಾ ಕರೀತಾ ಆ ಚರಿಗೆಯಿಂದ ನೀರನ್ನೂ ಹೊರಗೆ ಹಾಕಿ."

ಅವನು ಕರೆಯುತ್ತ ನೀರು ಹಾಕಿದ. ಅವಳು ನೆನೆಯುತ್ತ ಹುಟ್ಟು ಹಾಕಿದಳು. ನಡುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದ ಮೂವರೂ ದಡ ಸೇರಿದರು. ಹೊಳೆ ಹುಲಿಗೆವ್ವನದಾಯಿತು. ದುಂಡಪ್ಪನ ಅಧಿಕಾರ ಹೋಯಿತು. ಆ ಮಳೆಗಾಲವೆಲ್ಲ ಅವನು ಅವಳ ಹರಿಗೋಲಿಗೆ ಎದುರು ಭಾರವಾಗಿ ಕೂರಬೇಕೆಂದು ಅರಸನ ಅಪ್ಪಣೆಯಾಯಿತು.

ದೇವರನ್ನು ನಂಬಿದವರಿಗೆ ಕಷ್ಟವೇ ಬರುವುದಿಲ್ಲ ಎಂದು ನಾನು ಹೇಳಲಾರೆ, ಮಕ್ಕಳೇ. ಹುಲಿಗೆವ್ವನ ಗಂಡನನ್ನು ಹೊಳೆ ಹಿಂದಕ್ಕೆ ಕೊಡಲಿಲ್ಲ. ಆದರೆ ನಂಬಿಕೆ ನಡುಗುವ ಕೈಯನ್ನು ನಿಲ್ಲಿಸುತ್ತದೆ. ನಿಂತ ಕೈಗೆ ಅಪಾಯ ಎಲ್ಲಿದೆಯೆಂದು ತಿಳಿಯುತ್ತದೆ. ದೇವರು ಕಾಯುವ ರೀತಿ ಅದು. ಅವನ ಹೆಸರು ಹಿಡಿಯಿರಿ, ಹುಟ್ಟು ಮಾತ್ರ ಬಿಡಬೇಡಿ.