ಮಾಗಿಗೆ ಹಾಕಿದ ಮಣೆ

ಭೂಮಿಯ ಹಸಿಮಣ್ಣು ಇನ್ನೂ ಆರಿರದ ಕಾಲ. ಆಗ ಇಡೀ ಲೋಕಕ್ಕೆ ಇದ್ದದ್ದು ಒಂದೇ ಮಲ್ಲಿಗೆ ಗಿಡ, ಈರಜ್ಜಿಯ ಹಿತ್ತಿಲಲ್ಲಿ. ವಸಂತನಿಗೆ ಕಣ್ಣು ಮಂದ. ಮಲ್ಲಿಗೆಯ ಘಮ ಹಿಡಿದೇ ಅವನು ಲೋಕಕ್ಕೆ ದಾರಿ ಹುಡುಕಬೇಕು.

ಆ ವರ್ಷ ಮಾಗಿಯ ಚಳಿರಾಯ ಬಂದವನು ಹೋಗಲೇ ಇಲ್ಲ. ಮಲ್ಲಿಗೆಯ ಎಲೆಗಳ ಮೇಲೆ ಮಂಜಿನ ಪಂಚೆ ಹರಡಿಕೊಂಡು ಕೂತುಬಿಟ್ಟ.

"ಯಾವಾಗಪ್ಪ ಹೊರಡೋದು?" ಎಂದು ಈರಜ್ಜಿ ಕೇಳಿದರೆ, "ನಾಳೆ ಅಜ್ಜಿ" ಅನ್ನುವನು. ನಾಳೆ ಕೇಳಿದರೂ "ನಾಳೆ ಅಜ್ಜಿ."

ಮೊಮ್ಮಗಳು ಮಾದಿ ದಿನಾ ಎದ್ದವಳೇ ಗಿಡದ ಹತ್ತಿರ ಓಡುವಳು. "ಮೊಗ್ಗು ಬಂತಾ ಅಜ್ಜಿ?"

"ಇಲ್ಲ ಕಣೆ."

ಹಿತ್ತಿಲಲ್ಲಿ ಹಾದುಹೋಗುತ್ತಿದ್ದ ಗಾಳಿ ನಕ್ಕಿತು. "ಎಲೆ ಎಲೆಯನ್ನೂ ಮಣೆ ಮಾಡಿ ಕೂರಿಸಿದ್ದೀರಿ. ಇಷ್ಟು ಉಪಚಾರ ಬಿಟ್ಟು ಯಾವ ನೆಂಟ ಎದ್ದು ಹೋದಾನು?"

ಈರಜ್ಜಿ ಗಿಡದ ಮುಂದೆ ಹೋಗಿ ನಿಂತಳು. ಮಣೆ ತೆಗೆಯಬೇಕಾದರೆ ಎಲೆ ಕೀಳಬೇಕು.

"ಎಲೆ ಕಿತ್ತರೆ ನಾನು ಉಣ್ಣೋದು ಹೇಗೆ?" ಎಂದಿತು ಮಲ್ಲಿಗೆ.

"ಬೇರಲ್ಲಿ ಏನಾದರೂ ಕೂಡಿಟ್ಟಿದ್ದೀಯಾ?"

"ಹುಣ್ಣಿಮೆವರೆಗೆ ಸಾಲತ್ತೆ. ಅಷ್ಟರಲ್ಲಿ ಇವನು ಏಳದಿದ್ದರೆ ನಾನಿಲ್ಲ ಅಜ್ಜಿ."

ಈರಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಂದೊಂದೇ ಎಲೆ ಕಿತ್ತಳು. ಪ್ರತಿ ಎಲೆಗೂ "ತಪ್ಪಾಯ್ತು ಮಗಳೇ" ಎಂದಳು. ಮಾದಿ ಮುಖ ಊದಿಸಿಕೊಂಡು ನೋಡಿದಳು. ಸಂಜೆಗೆ ಗಿಡ ಬೋಳು ಬೋಳು.

ಚಳಿರಾಯ ಮಾತ್ರ ಹೋಗಲಿಲ್ಲ. ಎಲ್ಲಿ ಕೂತಿದ್ದಾನೋ ಕಾಣದು, ಚಳಿ ಮಾತ್ರ ಕೊರೆಯುತ್ತಲೇ ಇತ್ತು. ದಿನ ಕಳೆದಂತೆ ಚಂದ್ರ ತುಂಬಿಕೊಂಡ, ಗಿಡ ಸೊರಗಿತು.

"ಇದ್ದೊಂದು ಗಿಡಾನೂ ಮುಗಿಸಿದ್ಯಲ್ಲ ಈರಜ್ಜಿ" ಎಂದಿತು ಕಾಗೆ.

ಹುಣ್ಣಿಮೆಯ ದಿನ ಬೆಳಗ್ಗೆ ಗಿಡದ ಬುಡ ಸವರಿದವಳ ಬೆರಳು ಮರಗಟ್ಟಿತು. ಅಲ್ಲೊಂದು ತೆಂಗಿನ ಕರಟ ಕವುಚಿತ್ತು. ಎತ್ತಿ ನೋಡಿದರೆ, ಬುಡದ ಪುಟ್ಟ ಕಡ್ಡಿಯಲ್ಲಿ ಒಂದು ಎಲೆ. ಎಲೆಯ ಮೇಲೆ ಮುದುಡಿ ಕೂತ ಚಳಿರಾಯ.

"ನನಗೇನು ದೊಡ್ಡ ಸಂಸಾರವೇ ಅಜ್ಜಿ? ಒಂದು ಮಣೆ ಸಾಕು."

ಹಿಂದೆ ಮಾದಿ ಬಿಕ್ಕಿದಳು. "ನಾನೇ ಬಚ್ಚಿಟ್ಟೆ. ಒಂದಾದರೂ ಇರಲಿ, ಪಾಪ ಅನ್ನಿಸ್ತು."

ಈರಜ್ಜಿ ಬೈಯಲಿಲ್ಲ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಬಚ್ಚಿಟ್ಟವಳು ನೀನು. ನೀನೇ ಕೀಳು ಮಗಾ."

ಮಾದಿ ಕಣ್ಣು ಮುಚ್ಚಿಕೊಂಡಳು. ಚಿಟಕ್.

ಚಳಿರಾಯ ಎದ್ದ. ಕೂರಲು ಅತ್ತ ನೋಡಿದ, ಇತ್ತ ನೋಡಿದ. ಪಂಚೆ ಕೊಡವಿ, "ಹಾಗಾದರೆ ಬರ್ತೀನಿ" ಎಂದ.

"ಮುಂದಿನ ವರ್ಷ ಬಾರಪ್ಪ" ಎಂದಳು ಈರಜ್ಜಿ. "ಈಗ ಹೊರಡು."

ಅವನು ಬೇಲಿ ದಾಟುವಷ್ಟರಲ್ಲಿ, ಮಾದಿ ಎಲೆ ಕಿತ್ತ ಗಾಯದ ಪಕ್ಕದಲ್ಲೇ ಸೂಜಿಮೊನೆಯಷ್ಟು ಹಸಿರು ಕಂಡಿತು. ಹಸಿರು ಚಿಗುರಾಯಿತು, ಚಿಗುರಿನ ತುದಿ ಮೊಗ್ಗಾಯಿತು. ಮೊಗ್ಗು ಬಿರಿದ ಸಂಜೆ ವಸಂತ ಘಮ ಹಿಡಿದು, ತಡಕಾಡುತ್ತ, ಈರಜ್ಜಿಯ ಬೇಲಿಗೇ ಮುಗ್ಗರಿಸಿ ಲೋಕದೊಳಗೆ ಬಂದ.

ಅದಕ್ಕೇ ಪುಟ್ಟಾ, ಇಂದಿಗೂ ಮಾಗಿಯಲ್ಲಿ ಮಲ್ಲಿಗೆ ಬೆಳೆಯುವವರು ಒಂದೆಲೆಯನ್ನೂ ಉಳಿಸದೆ ಗಿಡವನ್ನು ಬೋಳು ಮಾಡುವುದು, ನಿನ್ನ ಜಡೆಗೆ ಏರುವ ವರ್ಷದ ಮೊದಲ ಮೊಗ್ಗು ಎಲೆ ಕಿತ್ತ ಜಾಗದಿಂದಲೇ ಹೊರಡುವುದು.